ದೊಡ್ಡಮ್ಮನ ಕೂದಲು

ಎಲ್ಲಕ್ಕೂ ಮೂಲ ಒಂದು ಕಡಿತ. ಕೆಲಸಕ್ಕೆ ಸೇರಿದ ಮೊದಲನೆಯ ದಿನ, ಹಾಜರಿ ಪುಸ್ತಕದಲ್ಲಿ ಹಾಕಿದ ಸಹಿಯ ಶಾಯಿ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಕುದುರೆಯೊಂದು ನಮ್ಮ ಗುಮಾಸ್ತನ ಬಲ ಹೆಗಲಿಗೆ ಬಾಯಿ ಹಾಕಿತು. ಹಾಕಿದ ಬಾಯಿಯನ್ನು ಕೂಡಲೇ ತೆಗೆಯಲೂ ಇಲ್ಲ. ನಾಲ್ಕು ಜನ ಸೇರಿ ಬಿಡಿಸುವಷ್ಟರಲ್ಲಿ ಹೊಸ ಅಂಗಿ ಚಿಂದಿಯಾಗಿತ್ತು, ಹೆಗಲ ಮೇಲೆ ಅರ್ಧಚಂದ್ರದಂಥ ಗುರುತೊಂದು ಕಾಯಮ್ಮಾಗಿ ಉಳಿಯಿತು. ಅಂದಿನಿಂದ ಯಾರಾದರೂ ಕುದುರೆ ಎಂದರೆ ಸಾಕು, ಅವನ ಎಡಗೈ ತಾನಾಗಿ ಬಲ ಹೆಗಲಿಗೆ ಹೋಗುತ್ತಿತ್ತು.

ಕುದುರೆಯ ಹೆಸರೆತ್ತದ ಕೆಲಸವಾಗಿದ್ದರೆ ಹೇಗೋ ನಡೆಯುತ್ತಿತ್ತು. ಅವನು ಸೇರಿದ್ದೇ ಅಪರೂಪದ ದೇಸಿ ಕುದುರೆ ತಳಿ ಸಂರಕ್ಷಣಾ ಕೇಂದ್ರಕ್ಕೆ. ಒಂದು ಕಾಲದಲ್ಲಿ ಗುಡ್ಡದ ದಾರಿಗಳಲ್ಲಿ ಮೂಟೆ ಹೊತ್ತು ತಿರುಗುತ್ತಿದ್ದ ಈ ಗಿಡ್ಡ ಕುದುರೆಗಳು ಲಾರಿಗಳು ಬಂದ ಮೇಲೆ ಒಂದೊಂದಾಗಿ ಮಾಯವಾಗಿ, ಈಗ ಇಡೀ ಲೋಕದಲ್ಲಿ ಉಳಿದಿರುವುದು ಈ ಲಾಯದಲ್ಲಿರುವ ಮೂವತ್ತು ಚಿಲ್ಲರೆ ಮಾತ್ರ. ಎತ್ತರ ಊಟದ ಮೇಜಿಗಿಂತ ತುಸು ಹೆಚ್ಚು, ಮೈತುಂಬ ಕೂದಲು, ಮುಖ ನೋಡಿದರೆ ಪರಮ ಸಾಧು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುತ್ತಾರಲ್ಲ, ಇವುಗಳ ವಿಷಯದಲ್ಲಿ ಮೂರ್ತಿ ಚಿಕ್ಕದು, ಬಾಯಿ ದೊಡ್ಡದು.

ಇಷ್ಟೇ ಉಳಿದಿರುವಾಗ ಯಾವುದಕ್ಕೆ ಯಾವುದು ಎಷ್ಟು ಹತ್ತಿರದ ರಕ್ತ ಎಂದು ತಿಳಿಯದೆ ಜೋಡಿ ಮಾಡುವಂತಿಲ್ಲ. ಹತ್ತಿರದ ರಕ್ತವೇ ಮತ್ತೆ ಮತ್ತೆ ಕೂಡಿದರೆ ಮರಿಗಳು ಬಡಕಲಾಗುತ್ತವೆ, ಕೊನೆಗೊಂದು ದಿನ ತಳಿಯೇ ನಂದಿಹೋಗುತ್ತದೆ. ಅದಕ್ಕಾಗಿ ಪ್ರತಿ ಕುದುರೆಯ ಕುತ್ತಿಗೆಯಿಂದ ಒಂದಿಷ್ಟು ಕೂದಲನ್ನು ಬುಡಸಮೇತ ಕಿತ್ತು, ಲಕೋಟೆಗೆ ಹಾಕಿ, ಮೇಲೆ ಕುದುರೆಯ ಹೆಸರು ಬರೆದು ಪಟ್ಟಣದ ಲ್ಯಾಬಿಗೆ ಕಳಿಸಬೇಕು. ಕೂದಲಿನ ಬುಡದ ಬಿಳಿ ಗಂಟಿನಲ್ಲೇ ವಂಶದ ಕತೆಯೆಲ್ಲ ಅಡಗಿರುತ್ತದಂತೆ. ಈ ಕೀಳುವ ಕೆಲಸ ನಮ್ಮ ಗುಮಾಸ್ತನದು.

ಹೆಸರಿಡುವ ಹಕ್ಕು ಮಾತ್ರ ಲಾಯದ ತಾತನದು. ಕುದುರೆಗಳ ನಂಟಸ್ತನ ಮರೆತುಹೋಗಬಾರದೆಂದು ಅವನು ಎಲ್ಲಕ್ಕೂ ನಂಟರ ಹೆಸರನ್ನೇ ಇಟ್ಟಿದ್ದ. ಗುಮಾಸ್ತನನ್ನು ಕಚ್ಚಿದ ಗಂಡು ಕುದುರೆಯ ಹೆಸರು ಭಾವ. ಅವನ ಆಚೀಚೆ ನಾದಿನಿ, ಷಡ್ಡಕ, ಅಳಿಯ. “ಅಳಿಯನ್ನ ಕಟ್ಟಿಹಾಕಿ ನೀರು ಕುಡಿಸಿದ್ರಾ?” ಎಂದು ತಾತ ಕೂಗಿದರೆ ಹೊಸದಾಗಿ ಬಂದವರು ಬೆಚ್ಚಿಬೀಳುತ್ತಿದ್ದರು.

ಇಷ್ಟು ದೊಡ್ಡ ಸಂಸಾರದಲ್ಲಿ ಹಲ್ಲು ತೋರಿಸದ ಜೀವವೆಂದರೆ ದೊಡ್ಡಮ್ಮ ಒಬ್ಬಳೇ. ವಯಸ್ಸಾದ ಬೂದುಬಣ್ಣದ ಕುದುರೆ. ನಿಂತಲ್ಲೇ ತೂಕಡಿಸುತ್ತಿದ್ದಳು, ಕೂದಲು ಕಿತ್ತರೆ ಒಂದು ನಿಟ್ಟುಸಿರು ಬಿಟ್ಟು ಮತ್ತೆ ತೂಕಡಿಸುತ್ತಿದ್ದಳು. ಹೆಗಲ ಗಾಯ ಮಾಯುವ ಮೊದಲೇ ಗುಮಾಸ್ತನಿಗೆ ಜ್ಞಾನೋದಯವಾಯಿತು. ಕೂದಲೆಂದರೆ ಕೂದಲು. ಲಕೋಟೆ ಬಿಚ್ಚುವವರು ಕುದುರೆಯ ಮುಖ ನೋಡುತ್ತಾರೆಯೇ? ಅವನು ಮೂವತ್ತು ಚಿಲ್ಲರೆ ಲಕೋಟೆಗಳನ್ನು ತಂದು, ದೊಡ್ಡಮ್ಮನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಅಷ್ಟನ್ನೂ ಅವಳೊಬ್ಬಳ ಕೂದಲಿನಿಂದಲೇ ತುಂಬಿಸಿ, ಮೇಲೆ ಭಾವ, ನಾದಿನಿ, ಷಡ್ಡಕ ಎಂದು ದುಂಡಗೆ ಬರೆದು ಕಳಿಸಿಬಿಟ್ಟ. ಮುಂದಿನ ವರ್ಷವೂ ಹಾಗೆಯೇ ಮಾಡಿದ.

ದೊಡ್ಡಮ್ಮನ ಕುತ್ತಿಗೆ ಒಂದು ಪಕ್ಕ ಹಳೆಯ ಹಲ್ಲುಜ್ಜುವ ಬ್ರಷ್ಷಿನಂತಾಯಿತು. ಕೇಂದ್ರದ ಡಾಕ್ಟರು ಮೂರು ಬಗೆಯ ಮುಲಾಮು ಹಚ್ಚಿ ನೋಡಿ, “ಇದು ಅನುವಂಶಿಕ ಕಾಯಿಲೆ” ಎಂದು ತೀರ್ಮಾನ ಕೊಟ್ಟರು. ತಾತ, “ಇವಳು ಹರೆಯದಲ್ಲೂ ಹೀಗೇ ಇದ್ಲು, ಡಾಕ್ಟ್ರೇ. ನಡುವೆ ಸ್ವಲ್ಪ ಬೆಳೆದಿತ್ತು, ಈಗ ಮತ್ತೆ ಉದುರಿದೆ” ಎಂದ. ಮೇಲ್ವಿಚಾರಕರಂತೂ ತಮ್ಮ ಸ್ವಂತ ಖರ್ಚಿನಲ್ಲಿ ಅವಳ ಕೂದಲಿಗೆಂದು ಎಣ್ಣೆ ತರಿಸುತ್ತಿದ್ದರು. ಲಾಯದ ಹೊಸ್ತಿಲು ದಾಟದ ಆ ಮನುಷ್ಯನಿಗೆ ಒಂದು ಮುದಿ ಕುದುರೆಯ ಮೇಲೆ ಅಷ್ಟೊಂದು ಮಮತೆ ಏಕೆ ಎಂದು ಯಾರಿಗೂ ತಿಳಿಯದು.

ಗುಮಾಸ್ತನ ಆಸೆ ಒಂದೇ ಒಂದು. ಪಟ್ಟಣದ ಮೀನುಗಾರಿಕೆ ಇಲಾಖೆಗೆ ವರ್ಗ. ಮೀನಿಗೆ ಒದೆಯಲು ಕಾಲಿಲ್ಲ, ಅದು ನೀರು ಬಿಟ್ಟು ಮೇಲೆ ಬಂದು ಕಚ್ಚುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೆಂಡತಿ ಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಈಗ ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಅತಿಥಿಯ ಹಾಗೆ ಉಂಡು ಬರುತ್ತಿದ್ದವನು, ವರ್ಗವಾದರೆ ದಿನಾ ಸಂಜೆ ಮನೆಗೆ ಹೋಗಬಹುದಿತ್ತು. ಅರ್ಜಿ ಕೊಟ್ಟು, ಮೇಲ್ವಿಚಾರಕರ ಕೈಕಾಲು ಹಿಡಿದು, ಕಾಗದ ಕೊನೆಗೂ ಮೇಲಧಿಕಾರಿಯವರೆಗೆ ಹೋಗಿತ್ತು. ಇಂದು ಸಂಜೆ ಅವರೇ ಬಂದು ಸಹಿ ಮಾಡುತ್ತಾರೆಂದು ಸುದ್ದಿ. ಗುಮಾಸ್ತ ಬೆಳಗ್ಗೆಯೇ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಂದಿದ್ದ.

ಬಂದವನಿಗೆ ಕಂಡದ್ದು ವರಾಂಡದಲ್ಲಿ ಸೇರಿದ್ದ ಗುಂಪು. ಮೇಲ್ವಿಚಾರಕರು ಒಂದು ಕೈಯಲ್ಲಿ ಕಾಗದ ಹಿಡಿದು, ಇನ್ನೊಂದು ಕೈಯಲ್ಲಿ ಎಡ ಹೆಗಲು ಒತ್ತಿಕೊಳ್ಳುತ್ತ ನಿಂತಿದ್ದರು. ಥಂಡಿ ಹವೆಗೆ ಅವರಿಗೆ ಆ ಹೆಗಲು ನೋಯುವುದು ಎಲ್ಲರಿಗೂ ಗೊತ್ತಿದ್ದ ವಿಷಯ.

“ಲ್ಯಾಬಿಂದ ವರದಿ ಬಂದಿದೆಯಂತೆ” ಎಂದರು. “ನಮ್ಮ ಕುದುರೆಗಳೆಲ್ಲ ಒಂದೇ ಅಂತೆ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ವಂತೆ.”

ಗುಮಾಸ್ತನ ಎಡಗೈ ಬಲ ಹೆಗಲಿಗೆ ಹೋಯಿತು.

“ಅದು ಹೇಗೆ ಸಾಧ್ಯ ಸಾರ್?” ಎಂದರು ಡಾಕ್ಟರು. “ಒಡಹುಟ್ಟಿದವರಲ್ಲೂ ವ್ಯತ್ಯಾಸ ಇರುತ್ತೆ.”

“ಸಾಧ್ಯವೋ ಅಸಾಧ್ಯವೋ, ಮೇಲಧಿಕಾರಿಗಳು ತೀರ್ಮಾನ ಮಾಡಿಯಾಗಿದೆ. ಎಲ್ಲಾ ಒಂದೇ ಅಂದ್ಮೇಲೆ ಇಷ್ಟೊಂದು ಯಾಕೆ, ಒಂದು ಸಾಕಲ್ಲ ಅಂತ ಬರೆದಿದ್ದಾರೆ. ನೋಡೋಕೆ ಚೆನ್ನಾಗಿರೋದು ಒಂದನ್ನ ಇಟ್ಕೊಂಡು ಮಿಕ್ಕಿದ್ದನ್ನೆಲ್ಲ ಹರಾಜು ಹಾಕ್ತಾರೆ. ಸಾಯಂಕಾಲ ಅವರು ಬರ್ತಾರೆ, ಹಿಂದೇನೇ ಲಾರಿಗಳೂ ಬರ್ತವೆ.”

“ಒಂದೇ ಕುದುರೆ ಇಟ್ಕೊಂಡು ತಳಿ ಹೇಗೆ ಬೆಳೆಸ್ತಾರಂತೆ?” ಎಂದು ತಾತ ಕೇಳಿದ.

ಮೇಲ್ವಿಚಾರಕರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಅದನ್ನ ಇದರಲ್ಲಿ ಬರೆದಿಲ್ಲ. ದೊಡ್ಡಮ್ಮನ್ನ ಮಾತ್ರ ಮೊದಲನೇ ಲಾರಿಗೇ ಹತ್ತಿಸಬೇಕಂತೆ. ಕೂದಲು ಉದುರೋ ಕಾಯಿಲೆ ಬೇರೆಯವಕ್ಕೆ ಅಂಟೀತು ಅಂತ.”

ತಾತ ತಲೆಯ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಂಡ. ಅವನು ಅತ್ತದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ, ಅಂದೂ ಅವನು ಬೆವರು ಎಂದೇ ಹೇಳಿದ.

ಕ್ಯಾಂಟೀನ್ ಅಕ್ಕ ಮಾತ್ರ ಗುಮಾಸ್ತನ ಲೋಟಕ್ಕೆ ಚಹಾ ಸುರಿಯುತ್ತ, “ನಿಮಗಂತೂ ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಬಿಡಿ. ಕುದುರೆಗಳೇ ಇಲ್ಲ ಅಂದ್ಮೇಲೆ ಕುದುರೆ ಗುಮಾಸ್ತ ಯಾಕೆ? ಮೀನಿನ ಇಲಾಖೆಗೆ ಕಳಿಸದೆ ಇನ್ನೆಲ್ಲಿಗೆ ಕಳಿಸ್ತಾರೆ?” ಎಂದಳು.

ಅಕ್ಕ ಹೇಳಿದ್ದು ಸುಳ್ಳಲ್ಲ. ಬಾಯಿ ಮುಚ್ಚಿಕೊಂಡು ಸಂಜೆಯವರೆಗೆ ಕೂತರೆ ಮೀನು, ಮನೆ, ಹೆಂಡತಿಯ ಕೈ ಊಟ ಎಲ್ಲ ತಾನಾಗಿ ಬರುತ್ತಿತ್ತು. ಆದರೆ ಲೋಟವನ್ನು ಅಲ್ಲೇ ಇಟ್ಟು ಗುಮಾಸ್ತ ಹುಲ್ಲಿನ ಕೋಣೆಯ ಹಿಂದೆ ಹೋಗಿ ಹೆಂಡತಿಗೆ ಫೋನ್ ಮಾಡಿದ.

“ಒಂದು ತಪ್ಪಾಗಿಬಿಟ್ಟಿದೆ ಕಣೇ.”

“ಮದುವೆ ಆದಾಗಿಂದ ನೋಡ್ತಾ ಇದ್ದೀನಿ. ಇವತ್ತಿಂದು ಏನು ಹೇಳಿ” ಎಂದಳು ಅವಳು. ಹಿಂದೆ ಹೊಲಿಗೆ ಯಂತ್ರ ಓಡುತ್ತಲೇ ಇತ್ತು.

ಅವನು ಎಲ್ಲವನ್ನೂ ಹೇಳಿದ. ಲಕೋಟೆ, ಸ್ಟೂಲು, ದುಂಡಗಿನ ಅಕ್ಷರ, ಯಾವುದನ್ನೂ ಬಿಡಲಿಲ್ಲ. ನಡುವೆ ಯಂತ್ರದ ಸದ್ದು ನಿಂತುಹೋಯಿತು. ಬೈಗುಳ ಬರುತ್ತದೆ ಎಂದು ಅವನು ಕಿವಿಯಿಂದ ಫೋನನ್ನು ಸ್ವಲ್ಪ ದೂರ ಹಿಡಿದ.

“ಕೀಳೋವಾಗ ಅದಕ್ಕೆ ನೋವಾಗ್ತಿರಲಿಲ್ವೇನ್ರೀ?” ಎಂದಷ್ಟೇ ಅವಳು ಕೇಳಿದಳು.

ಅವನು ಫೋನ್ ಇಟ್ಟು, ಸುಮ್ಮನೆ ಒಮ್ಮೆ ನೋಡಿ ಬರೋಣ ಎಂದುಕೊಂಡು ದೊಡ್ಡಮ್ಮನ ಹತ್ತಿರ ಹೋದ. ಅವಳು ಕಣ್ಣು ಅರ್ಧ ತೆರೆದು ಬಂದವರು ಯಾರೆಂದು ನೋಡಿದಳು. ಗುರುತು ಸಿಕ್ಕಿತು. ನಿಧಾನವಾಗಿ ತಿರುಗಿ, ಇನ್ನೂ ಒಂದಿಷ್ಟು ಕೂದಲು ಉಳಿದಿದ್ದ ಪಕ್ಕವನ್ನು ಅವನ ಕಡೆ ಮಾಡಿ, ಕುತ್ತಿಗೆ ಬಗ್ಗಿಸಿ ನಿಂತಳು. ತಗೋ ಮಗು, ಬೇಗ ಮುಗಿಸು, ನನಗೆ ನಿದ್ದೆ ಬರುತ್ತಿದೆ ಎನ್ನುವ ಹಾಗೆ.

ಗುಮಾಸ್ತನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಎರಡು ವರ್ಷ ತನ್ನ ಹೆಗಲು ಕಾಪಾಡಿದ ಜೀವವನ್ನು ತಾನೇ ಬೋಳು ಮಾಡಿ, ಆ ಬೋಳನ್ನೇ ಕಾಯಿಲೆ ಎನಿಸಿ, ಈಗ ಲಾರಿ ಹತ್ತಿಸಿ ಮೀನು ಹಿಡಿಯಲು ಹೋಗುವುದೇ? ಅವನು ಆಫೀಸಿಗೆ ಓಡಿ ಹೊಸ ಲಕೋಟೆಗಳ ಕಟ್ಟು ತಂದ. ಮೇಲಧಿಕಾರಿ ಬರುವುದರೊಳಗೆ ಪ್ರತಿಯೊಂದು ಕುದುರೆಯಿಂದಲೂ ನಿಜವಾದ ಕೂದಲು ಕಿತ್ತು ಅವರ ಮುಂದಿಡಬೇಕು. ಆಮೇಲೆ ಆದದ್ದಾಗಲಿ.

ನಾದಿನಿಯಿಂದ ಶುರು ಮಾಡಿದ. ಅವಳು ಕಚ್ಚಲಿಲ್ಲ, ಒದೆಯಲಿಲ್ಲ, ಬಹಳ ಮರ್ಯಾದೆಯಿಂದ ಅವನ ಪಾದದ ಮೇಲೆ ತನ್ನ ಕಾಲಿಟ್ಟು ಗೋಡೆಯ ಕಡೆ ನೋಡುತ್ತ ನಿಂತಳು. ಎಷ್ಟು ಬೇಡಿಕೊಂಡರೂ ತೆಗೆಯಲಿಲ್ಲ. ಅವನು ಅದೇ ಭಂಗಿಯಲ್ಲಿ ಕೂದಲು ಕಿತ್ತು, ಲಕೋಟೆಗೆ ಹಾಕಿ, ಹೆಸರನ್ನೂ ಬರೆದ ಮೇಲೆ ಅವಳು ಬೇಸರಗೊಂಡು ಕಾಲು ಎತ್ತಿದಳು.

ಕುಂಟುತ್ತ ಹೊರಬಂದವನನ್ನು ತಾತ ನಿಲ್ಲಿಸಿದ. “ಇವತ್ತೇ ಯಾಕೆ ಸ್ವಾಮಿ ಕೂದಲು? ಇನ್ನು ಯಾವ ಲ್ಯಾಬು, ಯಾವ ಕತೆ?”

ನಿಜ ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ. “ನೆನಪಿಗೆ ತಾತ. ಎಲ್ಲ ಹೋಗ್ತಾವಲ್ಲ, ಒಂದೊಂದರದೂ ನಾಲ್ಕು ಕೂದಲು ಇಟ್ಕೋತೀನಿ” ಎಂದ.

ತಾತ ಅವನನ್ನೇ ನೋಡಿದ. “ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ” ಎಂದು ಹೇಳಿ, ಹೋಗಿ ಕ್ಯಾಂಟೀನಿನಲ್ಲಿ ಅದನ್ನೇ ಹೇಳಿದ. ಕ್ಯಾಂಟೀನಿನಲ್ಲಿ ಹೇಳಿದ ಮೇಲೆ ಊರಿಗೆಲ್ಲ ಹೇಳುವ ಅಗತ್ಯವಿಲ್ಲ, ಅದು ಅಕ್ಕನ ಕೆಲಸ.

ಆ ನಡುವೆ ಷಡ್ಡಕ ಲಕೋಟೆಗಳ ಕಟ್ಟಿನಿಂದ ಮೇಲಿನ ಹತ್ತನ್ನು ಅಗಿದು ನುಂಗಿತ್ತು. ಅಳಿಯನ ಕುತ್ತಿಗೆಗೆ ಕೈಹಾಕಿದರೆ ಅದು ಅವನನ್ನು ಎಳೆದುಕೊಂಡು ನೇರವಾಗಿ ನೀರಿನ ತೊಟ್ಟಿಗೆ ಹೋಗಿ, ಅಲ್ಲಿ ತಾನು ಮಾತ್ರ ನಿಂತಿತು, ಅವನು ನಿಲ್ಲಲಿಲ್ಲ. ಒದ್ದೆಯಾದ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ ಕೂದಲು ಮಾತ್ರ ಬುಡಸಮೇತ ಬಂದಿತ್ತು. ಅದನ್ನು ಒರೆಸಿ, ಆರಿಸಿ, ಲಕೋಟೆಗೆ ಹಾಕುವಾಗ ಅವನಿಗೆ ತನ್ನ ಮೇಲೆ ತನಗೇ ಸ್ವಲ್ಪ ಗೌರವ ಬಂತು.

ಮಧ್ಯಾಹ್ನದ ಊಟ ಬಿಟ್ಟು ಅರ್ಧ ಲಾಯ ಮುಗಿಸಿ ತಿರುಗಿ ನೋಡುತ್ತಾನೆ, ಮಿಕ್ಕರ್ಧವನ್ನು ಬೇರೆಯವರು ಮುಗಿಸಿದ್ದರು. ಡಾಕ್ಟರು ಬ್ಯಾಂಡೇಜ್ ಕತ್ತರಿಸುವ ಕತ್ತರಿ ಹಿಡಿದು, ಕ್ಯಾಂಟೀನ್ ಅಕ್ಕ ಅಡುಗೆಮನೆಯ ಕತ್ತರಿ ಹಿಡಿದು, ಬೇಲಿಯ ಆಚೆ ನಿಂತೇ ಬಾಲದ ಕೂದಲನ್ನು ಕತ್ತರಿಸಿ ಕತ್ತರಿಸಿ ಒಂದು ಚೀಲ ತುಂಬಿಸಿದ್ದರು.

“ತಗೊಳ್ಳಿ, ನಿಮ್ಮ ನೆನಪು” ಎಂದು ಅಕ್ಕ ಚೀಲವನ್ನು ಅವನ ಕೈಗಿಟ್ಟಳು. “ಒಬ್ಬರೇ ಎಷ್ಟು ಅಂತ ಕಷ್ಟಪಡ್ತೀರಿ. ದಿಂಬಿಗಾಗೋಷ್ಟಿದೆ.”

ಗುಮಾಸ್ತ ಚೀಲದೊಳಗೆ ನೋಡಿದ. ಎಲ್ಲದರ ಕೂದಲೂ ಒಂದರೊಳಗೊಂದು ಕಲಸಿ, ಬುಡವೇ ಇಲ್ಲದೆ ಬಿದ್ದಿತ್ತು. ಬುಡವಿಲ್ಲದ ಕೂದಲು ಲ್ಯಾಬಿಗೆ ಕಸಕ್ಕೆ ಸಮ. “ಉಪಕಾರ ಆಯ್ತಕ್ಕ” ಎಂದು ಹಲ್ಲು ಕಚ್ಚಿ ಹೇಳಿ, ಆ ಅರ್ಧ ಲಾಯವನ್ನು ಮೊದಲಿನಿಂದ ಹಿಡಿದ. ಬಾಲ ಕತ್ತರಿಸಿಕೊಂಡ ಕುದುರೆಗಳು ಆಗಲೇ ಮನುಷ್ಯಜಾತಿಯ ಮೇಲೆ ಮುನಿಸಿಕೊಂಡಿದ್ದವು. ಮೊದಲ ಒದೆ ಬಿದ್ದಾಗ ಅವನು ನೋವೆಂದ, ಮೂರನೆಯದಕ್ಕೆ ಸುಮ್ಮನಾದ.

ಬಿಸಿಲು ಇಳಿಯುವ ಹೊತ್ತಿಗೆ ಉಳಿದದ್ದು ಭಾವ.

ಭಾವನ ಕಟಕಟೆಯ ಮುಂದೆ ಎಲ್ಲರೂ ಸೇರಿದರು. ಮೂಗಿನ ಹೊಳ್ಳೆಗೆ ಮೆಲ್ಲಗೆ ಊದಿದರೆ ಕುದುರೆ ಸ್ನೇಹ ಮಾಡುತ್ತದೆ ಎಂದು ಡಾಕ್ಟರು ಪುಸ್ತಕದ ಮಾತು ಹೇಳಿದರು. ಹಿಂದಿನಿಂದ ಹೋಗಿ ಎಂದು ಒಬ್ಬ, ಹಿಂದಿನಿಂದ ಮಾತ್ರ ಹೋಗಬೇಡಿ ಎಂದು ಇನ್ನೊಬ್ಬ. ಅಕ್ಕ ಅವನ ಪ್ಯಾಂಟಿನ ಹಿಂದಿನ ಜೇಬಿಗೆ ಎರಡು ಹಿಡಿ ಸಕ್ಕರೆ ಸುರಿದು, “ಅಂಗೈಯಲ್ಲಿ ಇಟ್ಟು ಕೊಡಿ, ಕರಗಿಹೋಗ್ತಾನೆ” ಎಂದಳು. ಗುಮಾಸ್ತ ಬಾಗಿಲು ಸರಿಸಿ ಒಳಗೆ ಹೋಗಿ, ಸಕ್ಕರೆ ತೆಗೆಯಲೆಂದು ಸ್ವಲ್ಪವೇ ಪಕ್ಕಕ್ಕೆ ತಿರುಗಿದ.

ಸಕ್ಕರೆ ಎಲ್ಲಿದೆ ಎಂಬುದು ಭಾವನಿಗೆ ಅವನಿಗಿಂತ ಮೊದಲೇ ಗೊತ್ತಾಗಿತ್ತು. ಜೇಬು, ಪ್ಯಾಂಟು, ಅದರೊಳಗಿನ ಮನುಷ್ಯ, ಮೂರನ್ನೂ ಸೇರಿಸಿ ಬಾಯಿ ಹಾಕಿತು. ಗುಮಾಸ್ತ ಕೂಗಲು ಬಾಯಿ ತೆರೆದ, ಅಷ್ಟರಲ್ಲಿ ಒಂದು ವಿಚಾರ ಹೊಳೆಯಿತು. ಭಾವನ ಬಾಯಿ ಈಗ ಕೆಲಸದಲ್ಲಿದೆ, ಇನ್ನೊಂದು ಕಡೆ ಕಚ್ಚಲು ಬಿಡುವಿಲ್ಲ. ತನ್ನ ಎರಡು ಕೈಯೂ ಖಾಲಿ ಇವೆ. ಅವನು ಸೊಂಟ ತಿರುಚಿ, ಹಿಂದಕ್ಕೆ ಬಾಗಿ, ಭಾವನ ಕುತ್ತಿಗೆಯ ಕೂದಲನ್ನು ಹಿಡಿದು ಜಗ್ಗಿದ. ಭಾವನೂ ಜಗ್ಗಿತು. ಸ್ವಲ್ಪ ಹೊತ್ತು ಯಾರು ಯಾರನ್ನು ಹಿಡಿದಿದ್ದಾರೆಂದು ನೋಡುವವರಿಗೆ ತಿಳಿಯಲಿಲ್ಲ. ಕೊನೆಗೆ ಇಸ್ತ್ರಿ ಮಾಡಿದ ಪ್ಯಾಂಟಿನ ಹಿಂಭಾಗ ಭಾವನ ಪಾಲಾಯಿತು, ಬುಡಸಮೇತ ಒಂದು ಹಿಡಿ ಕೂದಲು ಗುಮಾಸ್ತನ ಪಾಲಾಯಿತು.

ತಾತ ತನ್ನ ಟವಲ್ ಬಿಚ್ಚಿ ಅವನ ಸೊಂಟಕ್ಕೆ ಸುತ್ತಿದ. ಅದೇ ಹೊತ್ತಿಗೆ ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿಸಿತು, ಅದರ ಹಿಂದೆ ಲಾರಿಗಳ ಗುಡುಗು.

ಮೇಲಧಿಕಾರಿಗಳು ಇಳಿದರು. ಯಾವ ಕಾಗದವಾದರೂ ಮೊದಲನೆಯ ಪುಟ ಮಾತ್ರ ಓದುವುದು ಅವರ ನಿಯಮ. ಮುಖ್ಯವಾದ ವಿಷಯ ಯಾರಾದರೂ ಎರಡನೆಯ ಪುಟದಲ್ಲಿ ಬರೆಯುತ್ತಾರೆಯೇ ಎಂಬುದು ಅವರ ವಾದ. ಅವರ ಹಿಂದೆ ಲ್ಯಾಬಿನ ಮೇಡಂ ಒಂದು ಪೆಟ್ಟಿಗೆ ಹಿಡಿದು ಇಳಿದು, ಏನೋ ಹೇಳಲು ಬಾಯಿ ತೆರೆದರು. ದಾರಿಯುದ್ದಕ್ಕೂ ಹಾಗೆ ಬಾಯಿ ತೆರೆದು ಮುಚ್ಚಿ ಅವರಿಗೆ ಸಾಕಾಗಿದ್ದಂತೆ ಕಾಣುತ್ತಿತ್ತು.

“ಆಮೇಲೆ ಮೇಡಂ, ಆಮೇಲೆ. ಮೊದಲು ಆ ಕಾಯಿಲೆ ಕುದುರೆ ಹತ್ತಿಸಿ” ಎಂದರು ಮೇಲಧಿಕಾರಿಗಳು.

ಲಾರಿಯವರು ದೊಡ್ಡಮ್ಮನ ಹಗ್ಗ ಬಿಚ್ಚಿದರು. ಅವಳು ಯಾರನ್ನೂ ಏನನ್ನೂ ಕೇಳದೆ ಅವರ ಹಿಂದೆ ಹೊರಟಳು. ಮೇಲ್ವಿಚಾರಕರು ಎಡ ಹೆಗಲು ಹಿಡಿದುಕೊಂಡು, ಬೆವರುತ್ತ, ಒಂದು ಹೆಜ್ಜೆ ಮುಂದಿಟ್ಟು, “ಸಾರ್, ಒಂದು ವಿಷಯ...” ಎಂದರು.

ಅಷ್ಟರಲ್ಲಿ ಗುಮಾಸ್ತ ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದ. ಸೊಂಟಕ್ಕೆ ಟವಲ್, ತಲೆಯಲ್ಲಿ ಹುಲ್ಲು, ಎದೆಗೆ ಅವುಚಿದ ಲಕೋಟೆಗಳ ಕಟ್ಟು.

“ನಿಲ್ಲಿಸಿ ಸಾರ್. ಕುದುರೆಗಳು ಒಂದೇ ಅಲ್ಲ. ಕೂದಲು ಒಂದೇ. ನಾನು ಎಲ್ಲ ಲಕೋಟೆಗೂ ದೊಡ್ಡಮ್ಮನ ಕೂದಲೇ ಹಾಕಿ ಕಳಿಸಿದ್ದೆ. ಕಚ್ತವೆ ಅನ್ನೋ ಭಯಕ್ಕೆ. ಅವಳಿಗೆ ಕಾಯಿಲೆ ಇಲ್ಲ, ಕಿತ್ತು ಕಿತ್ತು ಬೋಳು ಮಾಡಿದ್ದು ನಾನೇ. ಇದರಲ್ಲಿ ನಿಜವಾದ ಕೂದಲಿದೆ, ಇವತ್ತು ಕಿತ್ತಿದ್ದು. ಇದನ್ನ ನೋಡಿ ಆಮೇಲೆ ಏನು ಬೇಕಾದ್ರೂ ಮಾಡಿ.”

ಲಾಯದಲ್ಲಿ ಭಾವ ಪ್ಯಾಂಟಿನ ತುಂಡನ್ನು ಅಗಿಯುತ್ತಲೇ ಇತ್ತು. ಮೇಲ್ವಿಚಾರಕರು ಮುಂದಿಟ್ಟಿದ್ದ ಹೆಜ್ಜೆಯನ್ನು ಹಿಂದಕ್ಕೆ ಎಳೆದುಕೊಂಡರು. ಡಾಕ್ಟರು ಮುಲಾಮಿನ ಡಬ್ಬಿಯನ್ನು ಕಿಸೆಗೆ ಹಾಕಿದರು.

ಮೇಲಧಿಕಾರಿಗಳ ಮುಖ ಕೆಂಪಗಾಯಿತು. ಲಾರಿಗಳನ್ನು ವಾಪಸ್ ಕಳಿಸಿ, ಹೊಸ ಕೂದಲಿನ ಪರೀಕ್ಷೆ ಆಗುವವರೆಗೆ ಒಂದು ಕುದುರೆಯೂ ಅಲುಗಬಾರದು ಎಂದು ಹೇಳಿ, ಗುಮಾಸ್ತನ ಕಡೆ ತಿರುಗಿದರು. “ನಿನ್ನನ್ನ ಏನು ಮಾಡ್ಬೇಕು ಹೇಳು?”

ಉತ್ತರ ಕೊಟ್ಟವರು ಮೇಲ್ವಿಚಾರಕರು. “ಇಂಥವನನ್ನ ಸುಮ್ಮನೆ ಬಿಡಬಾರದು ಸಾರ್. ಕೆಲಸದಿಂದ ತೆಗೆದ್ರೆ ಆರಾಮಾಗಿ ಮನೆಗೆ ಹೋಗ್ತಾನೆ. ಮೀನಿನ ಇಲಾಖೆಗೆ ಕಳಿಸಿದ್ರೆ ಬಹುಮಾನ ಕೊಟ್ಟ ಹಾಗಾಗುತ್ತೆ. ನಿವೃತ್ತಿವರೆಗೂ ಇಲ್ಲೇ ಇರಲಿ, ನನ್ನ ಕೈ ಕೆಳಗೆ. ಕೂದಲು ಕೀಳಲಿ.”

“ಸರಿಯಾಗಿ ಹೇಳಿದ್ರಿ” ಎಂದು ಮೇಲಧಿಕಾರಿಗಳು ವರ್ಗಾವಣೆಯ ಕಾಗದ ತೆಗೆದು, ಅದರ ಮೊದಲನೆಯ ಪುಟಕ್ಕೇ ಅಡ್ಡಗೀಟು ಎಳೆದು, ಚಹಾ ಕುಡಿಯಲು ಹೋದರು.

ಗುಮಾಸ್ತ ಲಕೋಟೆಗಳನ್ನು ಮೇಡಂ ಕೈಗೆ ಕೊಟ್ಟ. ಮನೆ ಹೋಯಿತು, ಮೀನು ಹೋಯಿತು, ಆದರೂ ಕುದುರೆಗಳು ಉಳಿದವು ಎಂದು ಮನಸ್ಸು ಹಗುರವಾಗಿತ್ತು. ಮೇಡಂ ಒಂದು ಲಕೋಟೆ ತೆರೆದು, ಕೂದಲಿನ ಬುಡವನ್ನು ಬೆಳಕಿಗೆ ಹಿಡಿದು ಸಂತೋಷಪಟ್ಟರು.

“ಎಷ್ಟು ಚೆನ್ನಾಗಿ ಕಿತ್ತಿದ್ದೀರಿ. ಆದ್ರೆ ನೀವ್ಯಾಕೆ ಒಪ್ಕೊಂಡ್ರಿ?” ಎಂದರು.

“ಒಪ್ಕೊಳ್ಳದೆ ಇದ್ರೆ ಕುದುರೆಗಳು ಹೋಗ್ತಿದ್ವಲ್ಲ ಮೇಡಂ.”

“ಎಲ್ಲಿ ಹೋಗ್ತಿದ್ವು? ಇದೆಲ್ಲ ಒಂದೇ ಕುದುರೆಯ ಕೂದಲು, ಎಲ್ಲೋ ತಪ್ಪಾಗಿದೆ, ಮತ್ತೆ ಕಳಿಸಿ ಅಂತ ವರದಿಯ ಎರಡನೇ ಪುಟದಲ್ಲೇ ಬರೆದಿದ್ದೆ. ಅದನ್ನ ಹೇಳೋಕೇ ಜೊತೇಲಿ ಬಂದೆ, ಅವರು ಮಾತಾಡೋಕೆ ಬಿಡ್ಬೇಕಲ್ಲ. ಅಲ್ದೆ, ನಾವು ಪರೀಕ್ಷೆ ಮಾಡಿದ್ದು ನಿಮ್ಮ ಲಕೋಟೆಗಳನ್ನಲ್ಲ.”

“ಮತ್ತೆ?”

“ಹೊಸ ಯಂತ್ರ ಬಂತು. ಹಳೇದರಿಂದ ಶುರು ಮಾಡೋಣ ಅಂತ ಹನ್ನೆರಡು ವರ್ಷದ ಹಿಂದಿನ ಲಕೋಟೆಗಳನ್ನ ತೆಗೆದ್ವಿ. ನಿಮ್ಮದು ಇನ್ನೂ ಡಬ್ಬಿಯಲ್ಲೇ ಇವೆ, ಯಾರೂ ಮುಟ್ಟಿಲ್ಲ. ಇನ್ನು ಬಿಸಾಡಬಹುದು ಬಿಡಿ.”

ಗುಮಾಸ್ತ ಟವಲನ್ನು ಬಿಗಿಯಾಗಿ ಹಿಡಿದುಕೊಂಡ. “ತಾತ” ಎಂದು ಕೂಗಿದ. “ಹನ್ನೆರಡು ವರ್ಷದ ಹಿಂದೆ ಇಲ್ಲಿ ಕೂದಲು ಕೀಳೋ ಗುಮಾಸ್ತ ಯಾರಾಗಿದ್ರು?”

“ಇನ್ಯಾರು, ನಮ್ಮ ಮೇಲ್ವಿಚಾರಕ್ರೇ” ಎಂದ ತಾತ. “ಆಮೇಲಲ್ವಾ ಅವರಿಗೆ ಬಡ್ತಿ ಬಂದಿದ್ದು.”

ಮೇಲಧಿಕಾರಿಗಳ ಕಾರು ಹೊರಡಲು ಸಿದ್ಧವಾಗುವ ಹೊತ್ತಿಗೆ ಗುಮಾಸ್ತ ಮೇಲ್ವಿಚಾರಕರ ಕೋಣೆಗೆ ನುಗ್ಗಿದ. ಅವರು ಬಾಗಿಲು ಹಾಕಿದರು. ಬಯ್ಯಲಿಲ್ಲ, ಕುರ್ಚಿ ತೋರಿಸಿದರು. ಅವನು ಕೂರುವ ಸ್ಥಿತಿಯಲ್ಲಿ ಇರಲಿಲ್ಲ.

“ನಾನೇ ಹೇಳೋನಿದ್ದೆ ಕಣ್ರೀ” ಎಂದರು. “ಹೆಜ್ಜೆ ಮುಂದಿಟ್ಟಿದ್ದು ನೀವು ನೋಡಿಲ್ವಾ? ಅಷ್ಟರಲ್ಲಿ ನೀವು ಬಂದು ನಿಂತ್ರಿ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕ್ರೀ ಹೆಗಲು ಮುಟ್ಟಿ ನೋಡ್ಕೊಂಡ್ರಿ?”

ಹಾಗೆಂದು ಅವರು ಅಂಗಿಯ ಮೇಲಿನ ಗುಂಡಿಗಳನ್ನು ಬಿಚ್ಚಿ, ಎಡ ಹೆಗಲನ್ನು ತೋರಿಸಿದರು. ಅಲ್ಲಿ ಅರ್ಧಚಂದ್ರದಂಥ ಗುರುತು ಇತ್ತು.

“ನಿಮ್ಮನ್ನ ಕಚ್ಚಿದ್ದು ಭಾವ. ನನ್ನನ್ನ ಕಚ್ಚಿದ್ದು ಅವರಪ್ಪ. ಅನುವಂಶಿಕತೆ ಅನ್ನೋದು ಇದಕ್ಕೇ” ಎಂದು ಗುಂಡಿ ಹಾಕಿಕೊಂಡರು. “ಈಗ ಈ ವಿಷಯ ಪೂರ್ತಿ ಗೊತ್ತಿರೋದು ನಮ್ಮಿಬ್ಬರಿಗೇ. ಈ ಗುಟ್ಟು ತಿಳಿದ ನಿಮ್ಮನ್ನ ನಾನು ಇನ್ನು ಯಾವ ಇಲಾಖೆಗೂ ಬಿಡೋ ಹಾಗಿಲ್ಲ. ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳಿಂದ ದೊಡ್ಡಮ್ಮನ ಎಣ್ಣೆ ಖರ್ಚು ಅರ್ಧ ನೀವು ಕೊಡಿ.”

ಹೊರಗೆ ಮೇಡಂ ಕಾರಿನ ಕಿಟಕಿಯಿಂದ ಕೈಬೀಸಿ ಅವನನ್ನು ಕರೆಯುತ್ತಿದ್ದರು. “ಎಲ್ಲ ಸರಿಯಾಗಿದೆ, ಒಂದೇ ಒಂದು ಲಕೋಟೆ ಕಮ್ಮಿ. ದೊಡ್ಡಮ್ಮಂದು ಎಲ್ಲಿ?”

ಗುಮಾಸ್ತನಿಗೆ ಆಗ ನೆನಪಾಯಿತು. ದಿನವೆಲ್ಲ ಬೇರೆಯವರ ಕೂದಲಿಗೆ ಒದ್ದಾಡಿ ಅವಳದನ್ನೇ ಮರೆತಿದ್ದ. “ಅವಳದು ಎರಡು ವರ್ಷದ್ದು ಡಬ್ಬಿಗಟ್ಟಲೆ ನಿಮ್ಮ ಹತ್ರಾನೇ ಇದೆಯಲ್ಲ ಮೇಡಂ.”

“ಅವುಗಳ ಮೇಲಿನ ಹೆಸರನ್ನ ಇನ್ನು ನಂಬೋ ಹಾಗಿಲ್ಲ. ನನಗೆ ಅವಳ ಹೆಸರಲ್ಲಿ ಅವಳದೇ ಬೇಕು. ನಾಲ್ಕು ಕೂದಲು ಸಾಕು.”

ಅವನು ಹೊಸ ಲಕೋಟೆಯ ಮೇಲೆ ‘ದೊಡ್ಡಮ್ಮ’ ಎಂದು ಬರೆದುಕೊಂಡು ಹೋದ. ಅವಳು ತನ್ನ ಜಾಗಕ್ಕೆ ಮರಳಿ ತೂಕಡಿಸುತ್ತಿದ್ದಳು. “ಇದೇ ಕೊನೆ ಕಣಮ್ಮ. ನಾಲ್ಕೇ ನಾಲ್ಕು. ಇನ್ನು ಮೇಲೆ ನಿನ್ನ ತಂಟೆಗೆ ಬರಲ್ಲ” ಎಂದು ಪ್ರೀತಿಯಿಂದ ಹೇಳಿ, ಅವಳ ಕುತ್ತಿಗೆಯನ್ನು ತಬ್ಬಿ, ನಾಲ್ಕು ಕೂದಲನ್ನು ಬೆರಳಿಗೆ ಸುತ್ತಿಕೊಂಡ.

ದೊಡ್ಡಮ್ಮ ಕಣ್ಣು ಪೂರ್ತಿ ತೆರೆದಳು. ಅವಸರ ಮಾಡದೆ ತಲೆ ತಿರುಗಿಸಿ, ಅವನ ಎಡ ಹೆಗಲಿಗೆ ಬಾಯಿ ಹಾಕಿದಳು. ಭಾವನಿಗಿಂತ ಹಲ್ಲು ಕಡಿಮೆ, ಆದರೆ ಪಟ್ಟು ಹೆಚ್ಚು.

ಕಾರು ಹೋದ ಮೇಲೆ ಅವನು ಹುಲ್ಲಿನ ಕೋಣೆಯ ಹಿಂದೆ ನಿಂತು, ಎಡಗೈಯನ್ನು ಬಲ ಹೆಗಲಿಗೂ ಬಲಗೈಯನ್ನು ಎಡ ಹೆಗಲಿಗೂ ಇಟ್ಟುಕೊಂಡು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಿದ್ದ. ಆ ಕಡೆ ಹೊಲಿಗೆ ಯಂತ್ರ ಓಡುತ್ತಿತ್ತು.

“ಏನಾಯ್ತು? ಮೀನೋ ಕುದುರೆಯೋ?” ಎಂದು ಹೆಂಡತಿ ಕೇಳಿದಳು.

“ಕುದುರೆ. ನಿವೃತ್ತಿವರೆಗೂ. ಎಲ್ಲ ಉಳಿದವು ಕಣೇ, ಆದ್ರೆ ಭಾವ ಪ್ಯಾಂಟ್ ಹರಿದುಹಾಕ್ತು, ದೊಡ್ಡಮ್ಮ ನನ್ನನ್ನ ಕಚ್ಚಿಬಿಟ್ಲು.”

ಯಂತ್ರ ಒಂದು ಗಳಿಗೆ ನಿಂತಿತು.

“ಸದ್ಯ, ಅವಳಿಗಾದ್ರೂ ಬುದ್ಧಿ ಬಂತು” ಎಂದಳು ಅವಳು. “ಭಾನುವಾರ ಬರೋವಾಗ ಪ್ಯಾಂಟ್ ತಗೊಂಡು ಬನ್ನಿ, ಹೊಲಿದುಕೊಡ್ತೀನಿ.”